ಲೋಕ್ತಕ್‌ಗೆ ಅದರ ಬೇಸಿಗೆಯನ್ನು ಹಿಂದಿರುಗಿಸಿ

ನಮಸ್ಕಾರ. ಕೆರೆ ತುಂಬಿದರೆ ಶುಭವೆಂದು ಕೇಳುತ್ತಲೇ ಬೆಳೆದ ನಮಗೆ, ವರ್ಷವಿಡೀ ತುಂಬಿರುವುದೇ ಒಂದು ಸರೋವರಕ್ಕೆ ಕಂಟಕವಾಗಬಲ್ಲದು ಎಂದರೆ ನಂಬುವುದು ಕಷ್ಟ. ಮಣಿಪುರದ ಲೋಕ್ತಕ್‌ನಲ್ಲಿ ಆಗಿರುವುದು ಅದೇ.

ಇಂಫಾಲದ ದಕ್ಷಿಣಕ್ಕೆ, ಬೆಟ್ಟಗಳು ಸುತ್ತುವರಿದ ಕಣಿವೆಯ ತಗ್ಗಿನಲ್ಲಿ ಹರಡಿಕೊಂಡಿರುವ ಲೋಕ್ತಕ್ ಈಶಾನ್ಯ ಭಾರತದ ಅತಿ ದೊಡ್ಡ ಸಿಹಿನೀರಿನ ಸರೋವರ. ಅದರ ದಡದ ಮೊಯಿರಾಂಗ್ ಪಟ್ಟಣದಲ್ಲಿಯೇ 1944ರ ಏಪ್ರಿಲ್ 14ರಂದು ಆಜಾದ್ ಹಿಂದ್ ಫೌಜ್ ತನ್ನ ಧ್ವಜವನ್ನು ಹಾರಿಸಿತು. ಸರೋವರದ ಪೂರ್ವಕ್ಕೆ ಹರಿಯುವ ಮಣಿಪುರ ನದಿಗೂ ಸರೋವರಕ್ಕೂ ಖೋರ್ದಕ್ ಎಂಬ ನಾಲೆಯ ಮೂಲಕ ಹಳೆಯ ನಂಟಿದೆ. ಮಳೆಗಾಲದಲ್ಲಿ ನದಿ ಉಕ್ಕಿದಾಗ ನೀರು ಈ ನಾಲೆಯಿಂದ ಸರೋವರಕ್ಕೆ ಬರುತ್ತಿತ್ತು, ಬೇಸಿಗೆಯಲ್ಲಿ ಅದೇ ದಾರಿಯಲ್ಲಿ ಮರಳಿ ನದಿಗೆ ಇಳಿಯುತ್ತಿತ್ತು. ಲೋಕ್ತಕ್‌ನ ಬದುಕೆಲ್ಲ ಈ ಏರಿಳಿತಕ್ಕೆ ಹೊಂದಿಕೊಂಡು ಬೆಳೆದದ್ದು.

ಅದು ಹೇಗೆಂದು ತಿಳಿಯಬೇಕಾದರೆ ಫುಮ್ಡಿಯನ್ನು ಹತ್ತಿರದಿಂದ ನೋಡಬೇಕು. ಹುಲ್ಲು, ಜೊಂಡು, ಕೊಳೆತ ಎಲೆ, ಮಣ್ಣು ಎಲ್ಲವೂ ಬೇರುಗಳ ಹೆಣಿಗೆಯಲ್ಲಿ ಒಂದಾಗಿ ನೀರಿನ ಮೇಲೆ ತೇಲುವ ದಪ್ಪನೆಯ ಹಾಸಿಗೆ ಅದು. ನಮ್ಮ ಕಣ್ಣಿಗೆ ಬೀಳುವ ಹಸಿರು ಅದರ ಐದನೆಯ ಒಂದು ಪಾಲು ಮಾತ್ರ, ಉಳಿದದ್ದೆಲ್ಲ ನೀರಿನೊಳಗೆ. ಬೇಸಿಗೆಯಲ್ಲಿ ನೀರು ಇಳಿದಾಗ ಫುಮ್ಡಿ ತಳಕ್ಕೆ ಕೂರುತ್ತಿತ್ತು, ಬೇರುಗಳು ತಳದ ಮಣ್ಣಿನಿಂದ ಸಾರ ಹೀರುತ್ತಿದ್ದವು, ಮತ್ತೆ ಮಳೆ ಬಂದಾಗ ಅದು ಬಲಿತು ಮೇಲೇಳುತ್ತಿತ್ತು. ವರ್ಷಕ್ಕೊಮ್ಮೆ ನೆಲ ಮುಟ್ಟುವುದು ಅದಕ್ಕೆ ಊಟವಿದ್ದಂತೆ.

ಸರೋವರದ ಆಗ್ನೇಯ ಭಾಗದಲ್ಲಿರುವ, ಸುಮಾರು 40 ಚದರ ಕಿಲೋಮೀಟರಿನ ಕೈಬುಲ್ ಲಾಮ್ಜಾವೊ ರಾಷ್ಟ್ರೀಯ ಉದ್ಯಾನದ ಬಹುಭಾಗ ಇಂಥ ಫುಮ್ಡಿಯೇ. ಕಾಡಿನಲ್ಲಿ ಸಾಂಗಾಯ್ ಜಿಂಕೆಗೆ ಉಳಿದಿರುವ ಸಹಜ ನೆಲೆ ಇದೊಂದೇ. ಗಂಡಿನ ಹಣೆಯಿಂದ ಮುಂದಕ್ಕೆ ಚಾಚುವ ಕವಲೂ ಹಿಂದಕ್ಕೆ ಬಾಗುವ ಕೊಂಬೂ ಎಲ್ಲಿಯೂ ಮುರಿಯದೆ ಒಂದೇ ಬಿಲ್ಲಿನಂತೆ ಕಾಣುತ್ತವೆ. ಕಾಲಿಟ್ಟಲ್ಲಿ ಕುಸಿಯುವ ಈ ಹಾಸಿನ ಮೇಲೆ ಎಚ್ಚರದಿಂದ ಹೆಜ್ಜೆಯೆತ್ತಿ ನಡೆಯುವ ಅದನ್ನು ಜನ ನರ್ತಿಸುವ ಜಿಂಕೆ ಎಂದು ಕರೆದದ್ದು ಸಹಜವೇ. 1951ರಲ್ಲಿ ಅದು ನಿರ್ನಾಮವಾಯಿತೆಂದೇ ಭಾವಿಸಲಾಗಿತ್ತು. 1953ರಲ್ಲಿ ನಿಸರ್ಗತಜ್ಞ ಇ. ಪಿ. ಜೀ ಅದನ್ನು ಇಲ್ಲಿ ಮತ್ತೆ ಕಂಡರು. 1975ರ ಗಣತಿಯಲ್ಲಿ ಸಿಕ್ಕಿದ್ದು ಕೇವಲ 14. 1977ರಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು, ಬೇಟೆಗೆ ಕಡಿವಾಣ ಬಿತ್ತು, 2016ರ ಗಣತಿಯ ಹೊತ್ತಿಗೆ ಸಂಖ್ಯೆ 260ಕ್ಕೆ ಏರಿತು. ಇದರ ಹಿಂದೆ ಸ್ಥಳೀಯರ ಪಾಲೂ ದೊಡ್ಡದಿದೆ, ಅದಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ. ಆದರೆ ಜಿಂಕೆಯನ್ನು ಕಾಯುತ್ತಿರುವಾಗಲೇ ಅದರ ಕಾಲಡಿಯ ನೆಲ ಸವೆಯುತ್ತ ಬಂದಿದೆ.

ಕಾರಣ, 1983ರಲ್ಲಿ ಮಣಿಪುರ ನದಿಗೆ ಅಡ್ಡಲಾಗಿ ಕೆಲಸಕ್ಕೆ ಬಂದ ಇಥಾಯ್ ಬ್ಯಾರೇಜ್, ಎಂದರೆ ಗೇಟುಗಳಿರುವ ಅಡ್ಡಗಟ್ಟೆ. 105 ಮೆಗಾವಾಟ್‌ನ ಜಲವಿದ್ಯುತ್ ಯೋಜನೆಗಾಗಿ ಸರೋವರದ ನೀರನ್ನು ವರ್ಷವಿಡೀ ಎತ್ತರದಲ್ಲಿ ಹಿಡಿದಿಡಲಾಗುತ್ತದೆ. ಫುಮ್ಡಿಗೆ ತಳ ಸಿಗುತ್ತಿಲ್ಲ. ಉದ್ಯಾನದಲ್ಲಿ ಅದು ತೆಳುವಾಗುತ್ತಿದೆ, ತೆಳುವಾದಲ್ಲಿ ಸಾಂಗಾಯ್‌ನ ಭಾರ ತಡೆಯದು. ಇತ್ತ ತೆರೆದ ನೀರಿನಲ್ಲಿ ನದಿಗೆ ಹರಿದುಹೋಗಲು ದಾರಿಯಿಲ್ಲದ ಫುಮ್ಡಿಗಳು ಕೂಡಿಕೊಂಡು ಕಟ್ಟಿಕೊಳ್ಳುತ್ತಿವೆ. 1990ರಲ್ಲಿ ರಾಮ್ಸಾರ್ ತಾಣ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎನಿಸಿಕೊಂಡ ಲೋಕ್ತಕ್, ಮೂರೇ ವರ್ಷಗಳಲ್ಲಿ, 1993ರಲ್ಲಿ, ಅಪಾಯದಲ್ಲಿರುವ ತಾಣಗಳ ಮಾಂಟ್ರೋ ದಾಖಲೆಗೆ ಸೇರಿತು.

ಏರಿದ ನೀರು ದಡದ ಗದ್ದೆಗಳನ್ನೂ ನುಂಗಿತು. ಜಮೀನು ಕಳೆದುಕೊಂಡ ಅನೇಕರು ಮೀನನ್ನೇ ನಂಬಿ ಫುಮ್ಡಿಯ ಮೇಲೆ ಗುಡಿಸಲು ಕಟ್ಟಿಕೊಂಡರು. 2006ರ ಲೋಕ್ತಕ್ ಸಂರಕ್ಷಣಾ ಕಾಯ್ದೆಯಡಿ ಆ ಮನೆಗಳೇ ಅತಿಕ್ರಮಣವೆನಿಸಿದವು. 2011ರ ನವೆಂಬರಿನಲ್ಲಿ ನೂರಾರು ಗುಡಿಸಲುಗಳಿಗೆ ಬೆಂಕಿ ಹಚ್ಚಲಾಯಿತು. ಸರೋವರವನ್ನು ಉಳಿಸುವ ಹೆಸರಿನಲ್ಲಿ, ಅದರ ನೀರಿನಿಂದಲೇ ನೆಲೆ ಕಳೆದುಕೊಂಡವರ ಮನೆ ಸುಟ್ಟದ್ದು ಅನ್ಯಾಯವೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಮೀನುಗಾರರ ಗುಡಿಸಲು ಕಿತ್ತರೂ ಬ್ಯಾರೇಜಿನ ಹಿಂದಿನ ನೀರು ಒಂದಡಿಯೂ ಇಳಿಯುವುದಿಲ್ಲ.

ಹಾಗೆಂದು ವಿದ್ಯುತ್ ಬೇಡವೆನ್ನುವುದು ನನ್ನ ವಾದವಲ್ಲ. ಬೇಸಿಗೆಯ ಕೆಲವು ವಾರಗಳಾದರೂ ಗೇಟು ತೆರೆದು, ಫುಮ್ಡಿ ತಳ ಮುಟ್ಟುವಷ್ಟು ನೀರು ಇಳಿಸಬೇಕು. ಅದರಿಂದಾಗುವ ವಿದ್ಯುತ್ತಿನ ಕೊರತೆಯನ್ನು ಬೇರೆಡೆಯಿಂದ ತುಂಬಿಸಬಹುದು, ಫುಮ್ಡಿಯನ್ನು ಬೇರೆಡೆಯಿಂದ ತರಲಾಗದು. ಹಿಂದೆ ಮ್ಯಾನ್ಮಾರಿನ ಚಿಂದ್ವಿನ್ ನದಿಯ ಕಡೆಯಿಂದ ಪೆಂಗ್ಬಾ ಮೀನು ಹರಿವಿಗೆದುರಾಗಿ ಈಜಿ ಇಲ್ಲಿಗೆ ಬರುತ್ತಿತ್ತು. ಇಂದು ಮಣಿಪುರದ ರಾಜ್ಯ ಮೀನೆಂಬ ಗೌರವ ಅದಕ್ಕಿದೆ, ಆದರೆ ಬ್ಯಾರೇಜ್ ಅಡ್ಡವಿರುವುದರಿಂದ ಬರುವ ದಾರಿಯಿಲ್ಲ. ಗೇಟುಗಳ ವೇಳಾಪಟ್ಟಿ ಬರೆಯುವಾಗ ಎಂಜಿನಿಯರುಗಳ ಜೊತೆಗೆ ಥಾಂಗಾ ಮತ್ತು ಕರಾಂಗ್ ದ್ವೀಪಗಳ ಮೀನುಗಾರರನ್ನೂ ಕೂರಿಸಬೇಕು. ಬ್ಯಾರೇಜ್ ಬರುವ ಮುನ್ನ ನೀರು ಯಾವ ತಿಂಗಳಲ್ಲಿ ಎಲ್ಲಿಯವರೆಗೆ ಇಳಿಯುತ್ತಿತ್ತು ಎಂಬುದನ್ನು ಕಣ್ಣಾರೆ ಕಂಡ ಹಿರಿಯರು ಅವರ ನಡುವೆ ಇನ್ನೂ ಇದ್ದಾರೆ.