ಮನೆಯೆಲ್ಲ ಎದ್ದಿತು, ಮಾಣಿ ಮಾತ್ರ ಏಳಲಿಲ್ಲ

(ಉಡುಪಿಯ ಶಾಲೆಯೊಂದರ ಪೋಷಕರ ಸಭೆಯಲ್ಲಿ ಮಕ್ಕಳ ವೈದ್ಯೆಯೊಬ್ಬರು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಈ ಮಳೆಗೆ, ಅದೂ ಶನಿವಾರ ಮಧ್ಯಾಹ್ನ, ಇಷ್ಟು ಜನ ಬರುತ್ತೀರಿ ಅಂತ ನಾನು ಎಣಿಸಿರಲಿಲ್ಲ. ಶೀಟಿನ ಮಾಡು, ಮಳೆ ಜೋರಾದರೆ ಹಿಂದಿನವರಿಗೆ ನನ್ನ ಮಾತು ಕೇಳಲಿಕ್ಕಿಲ್ಲ. ಆಗ ಕೈ ಎತ್ತಿ, ಗಂಟಲು ಏರಿಸುತ್ತೇನೆ.

ಆಮಂತ್ರಣದಲ್ಲಿ ಹೆಡ್ ಟೀಚರ್ ‘ಮಕ್ಕಳ ಆರೋಗ್ಯ’ ಅಂತ ಹಾಕಿಸಿದ್ದಾರೆ. ನಾನು ಮಾತಾಡಲು ಬಂದಿರುವುದು ಒಂದೇ ವಿಷಯ. ಅದರ ಹೆಸರು ಹಾಕಿದ್ದರೆ ನಿಮ್ಮಲ್ಲಿ ಅರ್ಧ ಜನ ಬರುತ್ತಿರಲಿಲ್ಲ. ದೊಡ್ಡ ಮಕ್ಕಳು ರಾತ್ರಿ ಹಾಸಿಗೆಯಲ್ಲಿ ಮೂತ್ರ ಮಾಡುವ ವಿಷಯ.

ನೋಡಿ, ಈಗಲೇ ನಾಲ್ಕು ಜನ ನೆಲ ನೋಡಿದರು.

ಇದಕ್ಕೆ ಅಂತಲೇ ಚೀಟಿ ಮಾಡಿಸಿ ನನ್ನ ಹತ್ತಿರ ಬಂದವರು ಬಹಳ ಕಡಿಮೆ. ಎಲ್ಲರೂ ಕೆಮ್ಮು ಅಂತ ಬರುತ್ತಾರೆ. ಎದೆಗೆ ಸ್ಟೆತ್ ಇಟ್ಟರೆ ಕೆಮ್ಮೂ ಇಲ್ಲ, ಕಫವೂ ಇಲ್ಲ. ಔಷಧಿ ಬರೆಸಿಕೊಂಡು, ಮಗುವನ್ನು ಹೊರಗೆ ಕಳಿಸಿ, ಬಾಗಿಲ ಹಿಡಿ ಮೇಲೆ ಕೈ ಇಟ್ಟು, “ಡಾಕ್ಟ್ರೇ, ಇನ್ನೊಂದು ವಿಷಯ…” ಅಷ್ಟರಲ್ಲಿ ನನಗೆ ಗೊತ್ತಾಗಿರುತ್ತದೆ.

ಕಳೆದ ತಿಂಗಳು ಒಬ್ಬರು ತಾಯಿ ಬಂದಿದ್ದರು. ಮಗಳಿಗೆ 11 ವರ್ಷ. ವಸತಿ ಶಾಲೆಯಲ್ಲಿ ಆರನೇ ತರಗತಿಗೆ ಸೀಟು ಸಿಕ್ಕಿತ್ತು. ಮೊರಾರ್ಜಿ, ನವೋದಯ ಎಲ್ಲ ಆರನೆಯಿಂದಲೇ ಶುರು ಅಲ್ವಾ? ಪರೀಕ್ಷೆ ಬರೆದು, ಪಾಸಾಗಿ, ಸೀಟು ಬಿಟ್ಟುಬಿಟ್ಟರು. ನೆಂಟರ ಹತ್ತಿರ “ಅವಳಿಗೆ ಹಾಸ್ಟೆಲ್ ಊಟ ಆಗಿಬರುವುದಿಲ್ಲ” ಅಂದರಂತೆ. ಬಿಟ್ಟಾದ ಮೇಲೆ ನನ್ನ ಹತ್ತಿರ ಬಂದರು. ಅದೂ ಕೆಮ್ಮು ಅಂತ. ಆರು ತಿಂಗಳು ಮೊದಲು ಬಾಯಿಬಿಟ್ಟಿದ್ದರೆ ಆ ಹುಡುಗಿ ಇವತ್ತು ಹಾಸ್ಟೆಲ್‌ನಲ್ಲಿ ಇರುತ್ತಿದ್ದಳೋ ಏನೋ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನ ನಾನೇ ಹೆಡ್ ಟೀಚರಿಗೆ ಫೋನ್ ಮಾಡಿ ಈ ಒಂದು ಗಂಟೆ ಕೇಳಿದೆ.

ನಮ್ಮ ಮನೆಯಲ್ಲಿ ಮಾತ್ರ ಹೀಗೆ ಅಂತ ಪ್ರತಿ ಮನೆಯವರೂ ಎಣಿಸಿರುತ್ತಾರೆ. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳಿಗೆ ಇದು ಇರುತ್ತದೆ. ಹತ್ತು ವರ್ಷಕ್ಕೆ ಸುಮಾರು ಐದು. ಅಂದರೆ 40 ಮಕ್ಕಳ ಐದನೇ ತರಗತಿಯಲ್ಲಿ ಇಬ್ಬರು. ಒಂದೇ ಬೆಂಚಿನಲ್ಲಿ ಕೂತಿರಲೂಬಹುದು. ಇವನ ಗುಟ್ಟು ಅವನಿಗೆ ಗೊತ್ತಿಲ್ಲ, ಅವನದ್ದು ಇವನಿಗೆ ಗೊತ್ತಿಲ್ಲ. ಹುಡುಗಿಯರಿಗಿಂತ ಹುಡುಗರಲ್ಲಿ ಜಾಸ್ತಿ.

ಇನ್ನು “ಬೇಕಂತ ಮಾಡ್ತಾನೆ, ಸೋಮಾರಿ” ಅನ್ನುವ ಮಾತು. ನಿದ್ದೆಯಲ್ಲಿ ಆದದ್ದನ್ನು ಬೇಕಂತ ಮಾಡುವುದು ಹೇಗೆ? ಗೊರಕೆ ಹೊಡೆದದ್ದಕ್ಕೆ ಗಂಡನಿಗೆ ಬೆಳಿಗ್ಗೆ ಚಾ ಕೊಡದೆ ಕೂರಿಸುತ್ತೀರಾ? (ಅಲ್ಲಿ ಒಬ್ಬರು ಹೌದು ಅಂತ ತಲೆ ಆಡಿಸುತ್ತಿದ್ದಾರೆ.) ಕೆಲವು ಮಕ್ಕಳ ಮೂತ್ರಚೀಲ ರಾತ್ರಿ ಅಷ್ಟು ಹಿಡಿದುಕೊಳ್ಳುವುದಿಲ್ಲ. ಕೆಲವರಿಗೆ ರಾತ್ರಿ ಮೂತ್ರ ಕಡಿಮೆ ಮಾಡುವ ಹಾರ್ಮೋನ್ ಸಾಲದು. ಚೀಲ ತುಂಬಿತು ಅಂತ ಒಳಗಿನಿಂದ ಕರೆ ಹೋದರೂ ಮಿದುಳು ಏಳುವುದಿಲ್ಲ. ಇದರಲ್ಲಿ ಮಗುವಿನ ಕೈಯಲ್ಲಿ ಇರುವುದು ಯಾವುದು ಹೇಳಿ. ಬೈದರೆ, ಬರೆ ಹಾಕುತ್ತೇನೆ ಅಂತ ಹೆದರಿಸಿದರೆ, ಮಂತ್ರಿಸಿದ ನೂಲು ಕಟ್ಟಿದರೆ ಹಾರ್ಮೋನ್ ಬರುವುದಿಲ್ಲ. ಬೆಂಕಿಯಲ್ಲಿ ಆಡಿದರೆ ಹಾಸಿಗೆ ಒದ್ದೆ ಅಂತ ನನ್ನ ಅಜ್ಜಿಯೂ ಹೇಳುತ್ತಿದ್ದರು. ಅದು ನಮ್ಮನ್ನು ಒಲೆಯಿಂದ ದೂರ ಇಡಲಿಕ್ಕೆ ಇರಬೇಕು.

ಹಾಗಾದರೆ ಮಾಡುವುದೇನು? ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಮೊದಲು ಹಗಲು ನೋಡಿ. ಎಲ್ಲರೂ ರಾತ್ರಿಯದ್ದೇ ಕಥೆ ಹೇಳುತ್ತಾರೆ. ಎಷ್ಟು ಗಂಟೆಗೆ, ಎಷ್ಟು ಸಲ, ಎಷ್ಟು ಬೆಡ್‌ಶೀಟ್. ನಾನು ಕೇಳುತ್ತೇನೆ, ಮಗು ಬೆಳಿಗ್ಗೆಯಿಂದ ಎಷ್ಟು ನೀರು ಕುಡಿಯಿತು? ಅಮ್ಮಂದಿರು ಅಪ್ಪಂದಿರ ಮುಖ ನೋಡುತ್ತಾರೆ.

ಬೆಳಿಗ್ಗೆ ಅರ್ಧ ಲೋಟ ಹಾಲು ಕುಡಿದು ವ್ಯಾನ್ ಹತ್ತುತ್ತದೆ. ನೀರಿನ ಬಾಟಲಿ ಹೋದ ಹಾಗೇ ವಾಪಸ್ ಬರುತ್ತದೆ. ನೀರು ಕುಡಿದರೆ ಒಂದಕ್ಕೆ ಹೋಗಬೇಕಲ್ಲ. ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ, ಬಕೆಟ್‌ನಲ್ಲಿ ನೀರಿಲ್ಲ, ಕ್ಲಾಸಿನ ಮಧ್ಯೆ ಕೇಳಿದರೆ ಟೀಚರ್ ಬಿಡುವುದಿಲ್ಲ. ಇಲ್ಲಿಯ ಮಾತಲ್ಲ ಟೀಚರ್, ನಾನು ಬಂದ ಕೂಡಲೇ ನಿಮ್ಮ ಶೌಚಾಲಯ ನೋಡಿಯೇ ಒಳಗೆ ಬಂದದ್ದು. ಸಂಜೆ ಮನೆಗೆ ಬಂದು ನಿಂತಲ್ಲೇ ಒಂದು ಚೊಂಬು ನೀರು. ಮೇಲೆ ಚಾ. ಆಡಿ ಬಂದು ಇನ್ನೊಂದು ಲೋಟ. ರಾತ್ರಿ ತಿಳಿ ಸಮೇತ ಗಂಜಿ. ಮಲಗುವಾಗ ಬುದ್ಧಿ ಚುರುಕಾಗಲಿ ಅಂತ ಒಂದು ಲೋಟ ಹಾಲು. ದಿನದ ನೀರೆಲ್ಲ ಸಂಜೆಯ ನಂತರ ಒಳಗೆ ಹೋದರೆ ರಾತ್ರಿ ಅದು ಎಲ್ಲಿಗೆ ಹೋಗಬೇಕು?

ಸುಮ್ನೆ ಸಂಜೆ ನೀರು ನಿಲ್ಲಿಸಿದರೆ ಆಗಲಿಲ್ಲ. ಬಾಯಾರಿದ ಮಗುವಿಗೆ ನೀರು ಕೊಡದೆ ಇರುವುದು ಶಿಕ್ಷೆಯೇ. ದಿನದ ನೀರನ್ನು ಐದು ಪಾಲು ಮಾಡಿ. ಎರಡು ಪಾಲು ಮಧ್ಯಾಹ್ನದೊಳಗೆ, ಎರಡು ಸಂಜೆ ಐದರೊಳಗೆ, ಒಂದು ಆಮೇಲೆ. ಸಂಜೆ ಚಾ, ಕಾಫಿ, ಕೋಲಾ ಬೇಡ. ಎರಡು ಮೂರು ಗಂಟೆಗೊಮ್ಮೆ ಒಂದಕ್ಕೆ ಹೋಗಿ ಬರಬೇಕು, ಮಲಗುವ ಮೊದಲು ತಪ್ಪದೆ ಹೋಗಬೇಕು. ಕೇರಳದಲ್ಲಿ 2019ರಲ್ಲಿ ಶಾಲೆಗಳಲ್ಲಿ ನೀರು ಕುಡಿಯಲಿಕ್ಕೆ ಅಂತಲೇ ಬೆಲ್ ಹೊಡೆಯಲು ಶುರು ಮಾಡಿದರು. ಹೆಡ್ ಟೀಚರ್ ಇಲ್ಲೇ ಇದ್ದಾರೆ, ನಾನು ಬೇರೆ ಏನೂ ಹೇಳುವುದಿಲ್ಲ.

ಮೊದಲ ಪ್ರಶ್ನೆ ಒಂದಕ್ಕೆ, ಎರಡನೇ ಪ್ರಶ್ನೆ ಎರಡಕ್ಕೆ. ನಗಬೇಡಿ, ಬಹಳ ಮುಖ್ಯ. ಮಲ ಕಟ್ಟಿಕೊಂಡಿದ್ದರೆ ಅದು ಮುಂದೆ ಇರುವ ಮೂತ್ರಚೀಲವನ್ನು ಒತ್ತುತ್ತದೆ. ಚೀಲಕ್ಕೆ ಹಿಗ್ಗಲು ಜಾಗವೇ ಇಲ್ಲ. ಮೂರು ದಿನಕ್ಕೊಮ್ಮೆ ಹೋಗುವ ಮಗುವಿಗೆ ಅದನ್ನು ಸರಿ ಮಾಡಿದರೆ ಎಷ್ಟೋ ಸಲ ಹಾಸಿಗೆಯೂ ಒಣಗುತ್ತದೆ. ಬನ್ಸ್, ಬಿಸ್ಕತ್ತು ಸ್ವಲ್ಪ ಕಡಿಮೆ ಮಾಡಿ. ಹರಿವೆ, ಬಸಳೆ, ಹಣ್ಣು ಹೊಟ್ಟೆಗೆ ಹೋಗಲಿ. ಇದೂ ಹಗಲಿನ ಕೆಲಸವೇ.

ಇಷ್ಟು ಮಾಡಿಯೂ ಆಗದಿದ್ದರೆ ಅಲಾರಂ. ಇಲ್ಲಿ ಒಂದು ಕಥೆ ಹೇಳಬೇಕು. ಊರಿನ ಹೆಸರು ಹೇಳುವುದಿಲ್ಲ, ನಮ್ಮಲ್ಲಿ ಊರು ಹೇಳಿದರೆ ಮನೆ ಹೇಳಿದ ಹಾಗೆಯೇ. ಅಪ್ಪ ದುಬೈಯಲ್ಲಿ. ಮನೆಯಲ್ಲಿ ಅಮ್ಮ, ಅಜ್ಜ, ಅಜ್ಜಿ, ಚಿಕ್ಕಪ್ಪ, ಒಂದು ನಾಯಿ. ಮಾಣಿಗೆ ಹತ್ತು ವರ್ಷ. ಈ ಅಲಾರಂ ಅಂದರೆ ಗಡಿಯಾರ ಅಲ್ಲ. ಚಡ್ಡಿಗೆ ಸಿಕ್ಕಿಸುವ ಸಣ್ಣ ಸೆನ್ಸರ್, ಭುಜದ ಹತ್ತಿರ ಒಂದು ಪುಟ್ಟ ಪೆಟ್ಟಿಗೆ. ಮೊದಲ ಹನಿ ತಾಗಿದ ಕೂಡಲೇ ಕೂಗುತ್ತದೆ. ಹೊಸದೇನಲ್ಲ. 1904ರಲ್ಲಿ ಫೌಂಡ್ಲರ್ ಎಂಬ ಮಕ್ಕಳ ಡಾಕ್ಟರ್, ಯಾವ ಹಾಸಿಗೆ ಒದ್ದೆಯಾಯಿತು ಅಂತ ನರ್ಸ್‌ಗಳಿಗೆ ತಿಳಿಯಲಿಕ್ಕೆ ಇಂಥದ್ದೊಂದು ಗಂಟೆ ಮಾಡಿದ್ದರು. ನೋಡಿದರೆ ಮಕ್ಕಳು ಒದ್ದೆ ಮಾಡುವುದೇ ಕಡಿಮೆಯಾಯಿತು! 1938ರಲ್ಲಿ ಅಮೆರಿಕದ ಮೌರರ್ ದಂಪತಿ ಅದನ್ನೇ ಚಿಕಿತ್ಸೆ ಮಾಡಿದರು. ಎಲ್ಲಿದ್ದೆ? ಹಾಂ, ಮಾಣಿ.

ಮೊದಲ ರಾತ್ರಿ ಒಂದೂವರೆಗೆ ಅಲಾರಂ ಕೂಗಿತು. ಅಜ್ಜಿ ಕುಕ್ಕರ್ ಅಂತ ಎಣಿಸಿ ಅಡುಗೆಮನೆಗೆ ಓಡಿದರು. ಚಿಕ್ಕಪ್ಪ ತನ್ನ ಬೈಕಿಗೆ ಕಳ್ಳ ಬಂದ ಅಂತ ಟಾರ್ಚ್ ಹಿಡಿದು ಅಂಗಳಕ್ಕೆ ಇಳಿದರು. ನಾಯಿ ಚಿಕ್ಕಪ್ಪನಿಗೇ ಬೊಗಳಿತು. ಆಚೆ ಮನೆಯಲ್ಲಿ ಲೈಟ್ ಹತ್ತಿತು. ಮಾಣಿ? ಮಗ್ಗುಲು ಬದಲಿಸಿ ಮಲಗಿದ.

ಮೂರನೇ ದಿನ ಅಮ್ಮ ಆ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೆ ಇಟ್ಟು, “ಡಾಕ್ಟ್ರೇ, ಇದು ನಮ್ಮನ್ನು ಎಬ್ಬಿಸುವ ಮೆಷಿನ್” ಅಂದರು. ಹೌದು ಮಾರಾಯ್ತಿ, ಮೊದಲ ಕೆಲವು ವಾರ ಅದು ನಿಮಗೇ ಅಂದೆ. ದೊಡ್ಡವರು ಎದ್ದು ಮಗುವನ್ನು ಎಬ್ಬಿಸಬೇಕು. ಅವನು ಪೂರ್ತಿ ಎಚ್ಚರವಾಗಿ, ತಾನೇ ನಡೆದು ಹೋಗಿ ಉಳಿದದ್ದನ್ನು ಮುಗಿಸಬೇಕು. ನಿದ್ದೆಗಣ್ಣಿನಲ್ಲೇ ಎತ್ತಿಕೊಂಡು ಹೋದರೆ ಹಾಸಿಗೆ ಉಳಿಯುತ್ತದೆ, ಮಗು ಏನೂ ಕಲಿಯುವುದಿಲ್ಲ.

ಅಮ್ಮನಿಗೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು. ಆಗ ಅಜ್ಜ ಹೇಳಿದರಂತೆ, “ನಾನು ಹೇಗೂ ರಾತ್ರಿ ಮೂರು ಸಲ ಏಳುತ್ತೇನೆ, ನನಗೆ ಪ್ರಾಸ್ಟೇಟ್. ಮಾಣಿ ನನ್ನ ಕೋಣೆಯಲ್ಲಿ ಮಲಗಲಿ.” ಅಜ್ಜ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಲೆಕ್ಕ ಬರೆದರು. ಎಷ್ಟು ಗಂಟೆಗೆ ಕೂಗಿತು, ಒದ್ದೆ ಎಷ್ಟು ದೊಡ್ಡದು, ಲೋಟದ ಬಾಯಿಯಷ್ಟೋ ಹರಿವಾಣದಷ್ಟೋ. ಪಕ್ಕದಲ್ಲಿ ತಮ್ಮ ಲೆಕ್ಕವನ್ನೂ ಬರೆದರು. ಆ ಕ್ಯಾಲೆಂಡರ್ ನಾನು ನೋಡಿದ್ದೇನೆ. ಮಾಣಿಯದ್ದು ಒಂದು ಗೆರೆ, ಅಜ್ಜನದ್ದು ಮೂರು. ಮೂರನೇ ವಾರಕ್ಕೆ ಹರಿವಾಣ ಲೋಟವಾಯಿತು. ಐದನೇ ವಾರ ಒಂದು ರಾತ್ರಿ ಅಲಾರಂ ಕೂಗುವ ಮೊದಲೇ ಮಾಣಿ ಎದ್ದು, “ಅಜ್ಜ, ನೀವೂ ಬರ್ತೀರಾ?” ಅಂತ ಕೇಳಿದ. ಎರಡೂವರೆ ತಿಂಗಳಿಗೆ ಸಾಲಾಗಿ 14 ರಾತ್ರಿ ಒಣ.

ಹೀಗೆ ಹೋಗಿ ಬರುವಾಗ ಅಜ್ಜ ಒಂದು ದಿನ ಹೇಳಿದರಂತೆ, “ನಾನೂ 12 ವರ್ಷದವರೆಗೆ ಹೀಗೇ ಮಾಡುತ್ತಿದ್ದೆ. ನಿನ್ನ ಅಪ್ಪನೂ.” ಬೆಳಿಗ್ಗೆ ಅದು ಅಮ್ಮನ ಕಿವಿಗೆ ಬಿತ್ತು. ಮದುವೆಯಾಗಿ ಅಷ್ಟು ವರ್ಷ, ಅವರಿಗೆ ಗೊತ್ತೇ ಇಲ್ಲ! ದುಬೈಗೆ ಫೋನ್ ಹೋಯಿತು. ಆಚೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, “ಅಪ್ಪ ಅದನ್ನೆಲ್ಲ ಯಾಕೆ ಹೇಳಲಿಕ್ಕೆ ಹೋದದ್ದು?” ಯಾಕೆ ಅಂದರೆ, ಮಗನಿಗೆ ಮಾತ್ರೆಗಿಂತ ಅದೇ ಹೆಚ್ಚು ಬೇಕಾಗಿತ್ತು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಚಿಕ್ಕಂದಿನಲ್ಲಿ ಇದ್ದರೆ ನೂರಕ್ಕೆ ಸುಮಾರು 44 ಮಕ್ಕಳಿಗೆ ಬರುತ್ತದೆ. ಇಬ್ಬರಿಗೂ ಇದ್ದರೆ ಸುಮಾರು 77. ಮನೆಯಲ್ಲಿ ಮಗುವನ್ನು ಬೈಯುವವರು ಮೊದಲು ತಮ್ಮ ಅಮ್ಮನ ಹತ್ತಿರ ಒಮ್ಮೆ ಕೇಳಿ ಬನ್ನಿ.

ಅಲಾರಂ ಸುಮಾರು ಮೂವರಲ್ಲಿ ಇಬ್ಬರಿಗೆ ಕೆಲಸ ಮಾಡುತ್ತದೆ. ಎರಡು ಮೂರು ತಿಂಗಳ ತಾಳ್ಮೆ ಬೇಕು.

ಹೆಡ್ ಟೀಚರ್ ವಾಚ್ ನೋಡುತ್ತಿದ್ದಾರೆ. ನಾನು ಬರೆದು ತಂದದ್ದರಲ್ಲಿ ಇನ್ನೂ ಎರಡು ಪುಟ ಇದೆ, ಓಡಿಸುತ್ತೇನೆ.

ಮಾತ್ರೆ. ಡೆಸ್ಮೋಪ್ರೆಸಿನ್ ಅಂತ ಇದೆ, ರಾತ್ರಿ ಮೂತ್ರ ಕಡಿಮೆ ಮಾಡುತ್ತದೆ. ಪ್ರವಾಸಕ್ಕೆ, ಹಾಸ್ಟೆಲಿಗೆ ಒಳ್ಳೆಯದು. ನಿಲ್ಲಿಸಿದರೆ ಹೆಚ್ಚಿನವರಿಗೆ ಮತ್ತೆ ಶುರುವಾಗುತ್ತದೆ. ತೆಗೆದುಕೊಳ್ಳುವ ಒಂದು ಗಂಟೆ ಮೊದಲಿನಿಂದ ಆಮೇಲಿನ 8 ಗಂಟೆವರೆಗೆ ನೀರು ಜಾಸ್ತಿ ಕುಡಿಯಲೇಬಾರದು. ಕುಡಿದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಡಾಕ್ಟರನ್ನು ಕೇಳದೆ, ಪಕ್ಕದ ಮನೆಯವರ ಚೀಟಿ ನೋಡಿ ತರಬೇಡಿ.

ಆರು ತಿಂಗಳು ಪೂರ್ತಿ ಒಣಗಿದ್ದ ಮಗು ಮತ್ತೆ ಶುರು ಮಾಡಿದರೆ ಕಾರಣ ಹುಡುಕಬೇಕು. ಜೊತೆಗೆ ವಿಪರೀತ ಬಾಯಾರಿಕೆ, ತೂಕ ಇಳಿಯುವುದು, ಬಚ್ಚಲಲ್ಲಿ ಇರುವೆ ಮುತ್ತುವುದು ಕಂಡರೆ ಅದೇ ದಿನ ಸಕ್ಕರೆ ಪರೀಕ್ಷೆ ಮಾಡಿಸಿ. ನಾಳೆ ಅನ್ನಬೇಡಿ. ಉರಿ, ಜ್ವರ ಇದ್ದರೆ ಮೂತ್ರ ಪರೀಕ್ಷೆ. ಹಗಲೂ ಚಡ್ಡಿ ಒದ್ದೆಯಾಗುತ್ತಿದ್ದರೆ, ದಿನವೂ ಜೋರು ಗೊರಕೆ ಇದ್ದರೆ, ನಡಿಗೆ ಬದಲಾಗಿದ್ದರೆ ತೋರಿಸಿ. ಮನೆಗೆ ಹೊಸ ಮಗು ಬಂದಿರಬಹುದು, ಅಪ್ಪ ಗಲ್ಫಿಗೆ ಹೋಗಿರಬಹುದು, ಯಾರಾದರೂ ಮಗುವಿಗೆ ತೊಂದರೆ ಕೊಡುತ್ತಿರಬಹುದು. ಮೆಲ್ಲ ಕೇಳಿ, ಹಗಲಿನಲ್ಲಿ ಕೇಳಿ.

ಇನ್ನು ಈ ಮಳೆಗಾಲ. ಹತ್ತಿ ಹಾಸಿಗೆ ಒದ್ದೆಯಾದರೆ ವಾರಗಟ್ಟಲೆ ಒಣಗುವುದಿಲ್ಲ, ಅಮ್ಮಂದಿರ ಸಿಟ್ಟಿಗೆ ಅರ್ಧ ಕಾರಣ ಅದೇ, ನನಗೆ ಗೊತ್ತು. ರಬ್ಬರ್ ಶೀಟ್ ಹಾಕಿ, ಮೇಲೆ ಹಳೇ ಸೀರೆ ಮಡಚಿ ಹಾಸಿ. ಬೆಳಿಗ್ಗೆ ಅದನ್ನು ಬಕೆಟಿಗೆ ಹಾಕುವ ಕೆಲಸ ಮಗು ಮಾಡಲಿ, ಬೈಗುಳ ಇಲ್ಲದೆ. ಜಗಲಿಯ ಹಗ್ಗಕ್ಕೆ, ಬಂದವರಿಗೆ ಕಾಣುವ ಹಾಗೆ ಹಾಕಬೇಡಿ. ಅಕ್ಕ ತಂಗಿಯರು ತಮಾಷೆ ಮಾಡಿದರೆ ಅಲ್ಲೇ ನಿಲ್ಲಿಸಿ. ಒಣ ರಾತ್ರಿಗೆ ಬಹುಮಾನ ಇಡಬೇಡಿ, ಅದು ಅವನ ಕೈಯಲ್ಲಿಲ್ಲ. ಶಾಲೆಯಲ್ಲಿ ಬಾಟಲಿ ಖಾಲಿ ಮಾಡಿ ಬಂದದ್ದಕ್ಕೆ ಇಡಿ.

ಚಾ ಬಂತು, ನಿಲ್ಲಿಸುತ್ತೇನೆ. ಹೆಬ್ರಿ ಬಸ್ಸಿನವರು ಹೊರಡಿ. ಕೇಳುವುದು ಇದ್ದವರಿಗೆ, ನಾನು ಆ ಕಡೆಯ ಒಂದನೇ ತರಗತಿ ಕೋಣೆಯಲ್ಲಿ ಆರು ಗಂಟೆವರೆಗೆ ಕೂತಿರುತ್ತೇನೆ. ಒಬ್ಬೊಬ್ಬರೇ ಬನ್ನಿ. ಯಾರಾದರೂ ಯಾಕೆ ಹೋಗುತ್ತೀರಿ ಅಂತ ಕೇಳಿದರೆ ಕೆಮ್ಮು ಅಂತ ಹೇಳಿ.