ಮರಳಿನ ಪೆಟ್ಟಿಗೆಯ ಪಕ್ಕದಲ್ಲಿ ಸುಮ್ಮನೆ ಕೂರುವ ಕೆಲಸ

72 ಸೆಂಟಿಮೀಟರ್ ಉದ್ದ, 57 ಅಗಲ, 7 ಎತ್ತರ. ಮನಸ್ಸಿನ ನೋವಿಗೆ ಕೊಡುವ ಮರಳಾಟ ಚಿಕಿತ್ಸೆಯ ಪೆಟ್ಟಿಗೆ ಇಷ್ಟೇ, ಅರ್ಧದಷ್ಟು ಮರಳು. ತಳಕ್ಕೆ ನೀಲಿ ಬಣ್ಣ ಬಳಿದಿರುತ್ತಾರೆ. ಮರಳನ್ನು ಬೆರಳಿನಿಂದ ಸರಿಸಿದರೆ ಹೊಳೆಯೋ ಸಮುದ್ರವೋ ಕಾಣಬೇಕು. ತಲೆ ತಿರುಗಿಸದೆ ಇಡೀ ಪೆಟ್ಟಿಗೆ ಒಂದೇ ನೋಟಕ್ಕೆ ಸಿಗಬೇಕೆಂದೇ ಆ ಅಳತೆ. ಪಕ್ಕದ ಕಪಾಟಿನಲ್ಲಿ ನೂರಾರು ಪುಟ್ಟ ಗೊಂಬೆಗಳು: ಮನೆ, ಸೇತುವೆ, ಸೈನಿಕ, ಹಾವು, ಮದುಮಗಳು, ಶವಪೆಟ್ಟಿಗೆ. ಬಂದವರು ಬೇಕಾದುದನ್ನು ಎತ್ತಿಕೊಂಡು ಮರಳಿನಲ್ಲಿ ಜೋಡಿಸುತ್ತಾರೆ. ಚಿಕಿತ್ಸಕರು ನೋಡುತ್ತಾ ಕೂರುತ್ತಾರೆ.

ಇದಕ್ಕೂ ದುಡ್ಡು ಕೊಡಬೇಕೇ ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು.

ಇದನ್ನು ಕಂಡುಹಿಡಿದವರು ಒಂದರ್ಥದಲ್ಲಿ ಮಕ್ಕಳೇ. ಮಾರ್ಗರೆಟ್ ಲೋವೆನ್‌ಫೆಲ್ಡ್ ಎಂಬ ಮಕ್ಕಳ ವೈದ್ಯೆ 1928ರಲ್ಲಿ ಲಂಡನ್ನಿನಲ್ಲಿ ಚಿಕಿತ್ಸಾಲಯ ತೆರೆದರು. ಅಲ್ಲಿ ಆಟಿಕೆಗಳೂ ಇದ್ದವು, ಮರಳಿನ ತಟ್ಟೆಯೂ ಇತ್ತು. ಆಟಿಕೆಗಳನ್ನು ಮರಳಿಗೆ ಹೊತ್ತೊಯ್ದು ಊರು ಕಟ್ಟತೊಡಗಿದ್ದು ಮಕ್ಕಳು. ವೈದ್ಯೆ ಮಾಡಿದ ದೊಡ್ಡ ಕೆಲಸವೆಂದರೆ ಅದನ್ನು ತಡೆಯದೆ ಗಮನಿಸಿದ್ದು. 1956ರಲ್ಲಿ ಸ್ವಿಟ್ಜರ್‌ಲೆಂಡಿನ ಡೋರಾ ಕಾಲ್ಫ್ ಈ ವೈದ್ಯೆಯ ಬಳಿ ಕಲಿತು, ಅದಕ್ಕೆ ಮನೋವೈದ್ಯ ಕಾರ್ಲ್ ಯೂಂಗ್ ಅವರ ಮನೋವಿಜ್ಞಾನವನ್ನು ಬೆಸೆದು, ಮರಳಾಟ ಚಿಕಿತ್ಸೆಯೆಂಬ ರೂಪ ಕೊಟ್ಟರು. ಅಂದ ಹಾಗೆ, ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಜೊತೆಗಿನ ನಂಟು ಮುರಿದ ಮೇಲೆ, ನಲವತ್ತರ ಹತ್ತಿರದ ಯೂಂಗ್ ಕೂಡ ಸರೋವರದ ದಡದಲ್ಲಿ ಕಲ್ಲು ಹೆಕ್ಕಿ ಪುಟ್ಟ ಹಳ್ಳಿ ಕಟ್ಟುತ್ತಿದ್ದರು.

ಭೂಕಂಪವನ್ನೋ ಹೊಡೆತವನ್ನೋ ಕಂಡು ಬಂದ ಮಗುವನ್ನು ನಾವೆಲ್ಲ ಮೊದಲು ಕೇಳುವುದು ‘ಏನಾಯಿತು ಹೇಳು’ ಎಂದು. ಹೇಳಲು ಬರುವಂತಿದ್ದರೆ ಅದು ಅಷ್ಟು ದಿನ ಮಾತಿಲ್ಲದೆ ಕೂರುತ್ತಿತ್ತೇ? ಮರಳು ಆ ಪ್ರಶ್ನೆಯನ್ನು ಕೇಳುವುದಿಲ್ಲ. ಮಗು ಅದೇ ಮನೆಯನ್ನು ಹತ್ತು ಸಲ ಹೂಳಬಹುದು, ಹನ್ನೊಂದನೆಯ ಸಲ ಹೊರತೆಗೆಯಬಹುದು. ಕಾಲ್ಫ್ ಇದನ್ನು ಮುಕ್ತವೂ ಸುರಕ್ಷಿತವೂ ಆದ ಜಾಗ ಎಂದು ಕರೆದರು.

ನನ್ನ ತಕರಾರು ಇರುವುದು ಚಿಕಿತ್ಸೆಯ ಮೇಲಲ್ಲ, ಅದನ್ನು ಕವಡೆ ಶಾಸ್ತ್ರ ಮಾಡಿಕೊಂಡವರ ಮೇಲೆ. ಹಾವು ಇಟ್ಟರೆ ಭಯ, ಬೇಲಿ ಇಟ್ಟರೆ ಒಂಟಿತನ, ಎಡಮೂಲೆಯಲ್ಲಿ ಇಟ್ಟರೆ ತಾಯಿ! ಎರಡು ದಿನದ ತರಬೇತಿ ಮುಗಿಸಿ, ಒಂದು ಪೆಟ್ಟಿಗೆ ಮರಳು ತಂದಿಟ್ಟುಕೊಂಡು ಮಗುವಿನ ಹಣೆಬರಹ ಓದುವುದು ಚಿಕಿತ್ಸೆಯಲ್ಲ. 1965ರಲ್ಲಿ ಮರಳಾಟ ಚಿಕಿತ್ಸೆಯನ್ನು ಜಪಾನಿಗೆ ಒಯ್ದ ಮನೋವಿಜ್ಞಾನಿ ಹಾಯಾವೊ ಕವಾಯಿ ಅಲ್ಲಿನ ಹಳೆಯ ಪೆಟ್ಟಿಗೆ ತೋಟಗಳ ಹೆಸರನ್ನೇ, ಹಕೋನಿವಾ ಎಂದು, ಇದಕ್ಕೆ ಕೊಟ್ಟರು. ಅರ್ಥ ಹೇಳುವುದಕ್ಕಿಂತ ಜೊತೆಗಿರುವುದೇ ಮುಖ್ಯ ಎಂಬುದು ಅವರ ನಿಲುವಾಗಿತ್ತು. ನಮ್ಮ ದಸರಾ ಗೊಂಬೆಗಳ ಜೊತೆ ಇದನ್ನು ಹೋಲಿಸುವವರಿದ್ದಾರೆ. ಹೋಲಿಕೆ ಅರ್ಧ ದೂರವಷ್ಟೇ ಸಾಗುತ್ತದೆ: ಗೊಂಬೆ ಕೂರಿಸುವುದು ನಾಲ್ಕು ಜನ ಬಂದು ನೋಡಲಿ ಎಂದು, ಇಲ್ಲಿ ನೋಡುವವರು ಒಬ್ಬರೇ, ಅವರೂ ‘ಚೆನ್ನಾಗಿದೆ’ ಎನ್ನುವಂತಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಆಘಾತದ ನಂತರದ ತೊಂದರೆಗೆ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ್ದು ಆಘಾತ ಕೇಂದ್ರಿತ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ತಿದ್ದುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ಕಹಿ ನೆನಪನ್ನು ಮನಸ್ಸಿಗೆ ತಂದುಕೊಂಡು ಕಣ್ಣುಗಳನ್ನು ಅತ್ತಿತ್ತ ಆಡಿಸುವ ಚಿಕಿತ್ಸೆ) ಎಂಬ ಎರಡನ್ನು. ಮರಳಾಟದಿಂದ ಆತಂಕ ತಗ್ಗಿತೆನ್ನುವ ಅಧ್ಯಯನಗಳಿವೆ, ಆದರೆ ಹೆಚ್ಚಿನವು ಚಿಕ್ಕವು. ಹಾಗಾಗಿ ನಿದ್ದೆಯೇ ಬಾರದ, ಸಾಯುವ ಮಾತಾಡುವ ವ್ಯಕ್ತಿಯನ್ನು ಮೊದಲು ಮನೋವೈದ್ಯರ ಬಳಿಗೆ ಕರೆದೊಯ್ಯಿರಿ. ಮರಳು ಅದರ ಬದಲಿಗಲ್ಲ, ಜೊತೆಗೆ.

ಈ ಪದ್ಧತಿಯಲ್ಲಿ ನನಗೆ ಅತ್ಯಂತ ಇಷ್ಟವಾದ ನಿಯಮ ಕೊನೆಯದು. ಬಂದವರ ಎದುರಿಗೆ ಪೆಟ್ಟಿಗೆಯನ್ನು ಕೆಡವುವುದಿಲ್ಲ. ಅವರು ಕಟ್ಟಿದ ಲೋಕ ಹಾಗೆಯೇ ಇರುವಾಗ ಅವರು ಎದ್ದು ಹೊರಡುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಚಿಕಿತ್ಸಕರು ಒಂದು ಫೋಟೋ ತೆಗೆದುಕೊಂಡು, ಒಂದೊಂದೇ ಗೊಂಬೆಯನ್ನು ಕಪಾಟಿಗೆ ಮರಳಿಸಿ, ಮರಳನ್ನು ಸಮ ಮಾಡುತ್ತಾರೆ.