ಹಾಡಿಗೊಂದು ಹೊತ್ತು

ಕೇಳುಗರಿಗೆ ನಮಸ್ಕಾರ.

ಆಷಾಢ ಏಕಾದಶಿಗೆ ಮುಟ್ಟುವಂತೆ ಆಳಂದಿಯಿಂದ ಪಂಢರಪುರಕ್ಕೆ ಹೊರಡುವ, ಮರಾಠಿ ಸಂತ ಜ್ಞಾನೇಶ್ವರರ ಪಲ್ಲಕ್ಕಿಯ ದಾರಿ ಸುಮಾರು 250 ಕಿಲೋಮೀಟರ್. ಹೆಚ್ಚುಕಡಿಮೆ ಮೂರು ವಾರದ ನಡಿಗೆ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರಿಗೂ ಪಂಢರಪುರದ ವಾರಿ, ಅಂದರೆ ವಿಠ್ಠಲನ ದರ್ಶನಕ್ಕೆ ಹೋಗುವ ಕಾಲ್ನಡಿಗೆಯ ಯಾತ್ರೆ, ಹೊಸತಲ್ಲ. ಈ ಪಲ್ಲಕ್ಕಿಯ ಮುಂದೆ ಸಾಗುವ ಕುದುರೆಗಳು ಬರುವುದೇ ಚಿಕ್ಕೋಡಿ ಸೀಮೆಯ ಅಂಕಲಿಯಿಂದ.

ಇಷ್ಟು ದೂರದ ಪ್ರಯಾಣ ಮನಸ್ಸಿನಲ್ಲಿ ಕಲಸಿಹೋಗದೆ ಉಳಿಯುವುದು ಹೇಗೆ? ಉತ್ತರದ ದೊಡ್ಡ ಪಾಲು ಹಾಡಿನಲ್ಲಿದೆ. ದಿಂಡಿಯವರು, ಅಂದರೆ ಗುಂಪುಗುಂಪಾಗಿ ಹಾಡುತ್ತ ನಡೆಯುವ ಯಾತ್ರಿಕರು, ಬಾಯಿಗೆ ಬಂದದ್ದನ್ನು ಹಾಡುವುದಿಲ್ಲ. ನಸುಕಿಗೆ ದೇವರನ್ನು ಎಬ್ಬಿಸುವ ಕಾಕಡಾರತಿ, ಭೂಪಾಳಿ. ಬೆಳಗಿನ ಹೊತ್ತಿಗೆ ವಾಸುದೇವ, ಆಂಧಳೆ, ಪಾಂಗುಳೆ, ಗೌಳಣ ಎಂಬ ಬಗೆಯ ಹಾಡುಗಳು. ಸಂಜೆಗೆ ಹರಿನಾಮದ ಹಿರಿಮೆ ಹಾಡುವ ಹರಿಪಾಠ. ಸೋಮವಾರಕ್ಕೆ ಬೇರೆ ಅಭಂಗ (ಮರಾಠಿ ಸಂತರ ಪದ), ಮಂಗಳವಾರಕ್ಕೆ ಬೇರೆ. ಮುಂಜಾನೆಯದನ್ನು ಸಂಜೆ ಹಾಡುವುದಿಲ್ಲ. ಹೀಗಾಗಿ ಒಂದು ಸಾಲು ಕಿವಿಗೆ ಬಿದ್ದರೆ ಸಾಕು, ಅದರ ಜೊತೆ ಹೊತ್ತೂ ಬರುತ್ತದೆ, ಆ ಹೊತ್ತಿನ ಚಳಿ, ಕೆಸರು, ಕಾಲುನೋವೂ ಬರುತ್ತವೆ. ಪುಣೆಯಿಂದ ಸಾಸವಡಕ್ಕೆ ಹೋಗುವ ದಿನ ದಿವೆ ಘಾಟಿನ ಏರಿನಲ್ಲಿ ತಾಳಕ್ಕೆ ಹೆಜ್ಜೆ ಕೂಡಿಸಿದವರಿಗಂತೂ ಆ ಲಯ ಕಾಲಿಗೇ ಅಂಟಿರುತ್ತದೆ.

ಕ್ಯಾಲಿಫೋರ್ನಿಯಾದ ಪೀಟರ್ ಜನಾಟ ಎಂಬ ಸಂಶೋಧಕರು 2009ರಲ್ಲಿ, ಜನರಿಗೆ ಅವರ ಎಳೆಯ ವಯಸ್ಸಿನ ಕಾಲದ ಹಾಡಿನ ತುಣುಕುಗಳನ್ನು ಕೇಳಿಸುತ್ತ ಮಿದುಳಿನ ಚಿತ್ರ ತೆಗೆದರು. ಹಾಡು ಸ್ವಂತ ಬದುಕಿನ ನೆನಪನ್ನು ಎಬ್ಬಿಸಿದಾಗ ಹಣೆಯ ಹಿಂದಿನ ಭಾಗ, ಅದರಲ್ಲೂ ನಡುಮಧ್ಯದ ಭಾಗ, ಹೆಚ್ಚು ಚುರುಕಾಗಿತ್ತು. ಆದರೆ ಎಲ್ಲ ಹಾಡೂ ಈ ಕೆಲಸ ಮಾಡುವುದಿಲ್ಲ. ಒಂದೇ ಮೊಳೆಗೆ ಹತ್ತು ಅಂಗಿ ನೇತುಹಾಕಿದರೆ ಬೇಕಾದ ಅಂಗಿ ಕೈಗೆ ಸಿಗುವುದಿಲ್ಲವಲ್ಲ, ಹಾಗೆ. ವರ್ಷವಿಡೀ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಮದುವೆಮನೆಯಲ್ಲಿ ಕೇಳಿದ ಹಾಡನ್ನೇ ಪ್ರವಾಸದಲ್ಲೂ ಕೇಳಿದರೆ ಅದು ಪ್ರವಾಸವನ್ನು ಹಿಡಿದಿಡಲಾರದು.

ವಾರಿಗೆ ಹೋಗದವರೂ ಈ ಕ್ರಮವನ್ನು ಎರವಲು ಪಡೆಯಬಹುದು. ಹೊರಡುವ ಮುನ್ನ ಮೂರು ನಾಲ್ಕು ಹಾಡು ಆರಿಸಿ. ನಿಮಗೆ ಅಷ್ಟಾಗಿ ಪರಿಚಯವಿಲ್ಲದವು ಉತ್ತಮ. ಒಂದನ್ನು ಬೆಳಗಿನ ನಡಿಗೆಗೆ, ಒಂದನ್ನು ರಾತ್ರಿಯ ಬಿಡಾರಕ್ಕೆ ಎಂದು ಕಟ್ಟಿ, ಆ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಹಾಕಬೇಡಿ. ಇಡೀ ದಿನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಿರುಗುವುದಂತೂ ಬೇಡವೇ ಬೇಡ. ಊರಿನ ಸದ್ದೇ ಕೇಳದಿದ್ದರೆ ನೆನಪಿನಲ್ಲಿ ಉಳಿಯುವುದಾದರೂ ಏನು?

ಆ ಊರಿನ ಹಾಡನ್ನೇ ಧ್ವನಿಮುದ್ರಿಸಿಕೊಳ್ಳುವುದು ಇನ್ನೂ ಒಳ್ಳೆಯದು. ದಿಂಡಿಯಲ್ಲಾದರೆ ವೀಣೆ ಹಿಡಿದವರ ಒಪ್ಪಿಗೆಯನ್ನು ಮೊದಲು ಕೇಳಿಕೊಳ್ಳಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ನಡುವೆ ಕರೆ ಬಂದು ಮುದ್ರಣ ನಿಲ್ಲಬಹುದು. ತಾಳದವರ ಪಕ್ಕದಲ್ಲೇ ನಿಂತರೆ ಕಂಚಿನ ಸದ್ದಿಗೆ ಮೈಕ್ ತಡೆದುಕೊಳ್ಳದೆ ಬರೀ ಕರಕರ ದಾಖಲಾಗುತ್ತದೆ. ಹದಿನೈದಿಪ್ಪತ್ತು ಅಡಿ ಹಿಂದೆ ಸರಿಯಿರಿ. ಮಳೆ ಬಂತೆಂದು ಕೊಡೆಯ ಕೆಳಗೆ ಹಿಡಿದರೆ ಹನಿಗಳ ಬಡಿತವೇ ಹಾಡನ್ನು ನುಂಗುತ್ತದೆ, ಪ್ಲಾಸ್ಟಿಕ್ ಚೀಲದೊಳಗಿಟ್ಟರೆ ಚೀಲದ ಸರಸರ. ಯಾವುದಾದರೂ ಮಾಡಿನ ಕೆಳಗೆ ನಿಲ್ಲುವುದೇ ವಾಸಿ. ಗದ್ದಲ ಕಡಿಮೆ ಮಾಡುವ ಸೌಲಭ್ಯ ನಿಮ್ಮ ಆ್ಯಪಿನಲ್ಲಿದ್ದರೆ ಅದನ್ನು ಆಫ್ ಮಾಡಿಬಿಡಿ. ಅದು ಮಾತನ್ನು ಮಾತ್ರ ಉಳಿಸಿ ಸುತ್ತಲಿನ ಸದ್ದನ್ನು ಅಳಿಸುತ್ತದೆ; ನಮಗೆ ಬೇಕಾದದ್ದು ಆ ಸುತ್ತಲಿನ ಸದ್ದೇ.

ಅರ್ಧ ಗಂಟೆ ಮುದ್ರಿಸಿದ್ದನ್ನು ಯಾರೂ ಮತ್ತೆ ಕೇಳುವುದಿಲ್ಲ. ತೊಂಬತ್ತು ಸೆಕೆಂಡು ಸಾಕು. ಮೊದಲ ಐದು ಸೆಕೆಂಡಿನಲ್ಲಿ ನಿಮ್ಮ ದನಿಯಲ್ಲೇ ಊರು, ದಿನಾಂಕ, ಹೊತ್ತು ಹೇಳಿ. ಸದ್ದನ್ನು ಕುಗ್ಗಿಸದ ವೇವ್ ಮಾದರಿಯಲ್ಲಿ, ಸ್ಟೀರಿಯೊದಲ್ಲಿ ಉಳಿಸಿದರೆ ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ಬೇಕು. ಕುಗ್ಗಿಸಿ ಉಳಿಸುವ 128 ಕೆಬಿಪಿಎಸ್‌ನ ಎಂಪಿ3ಗೆ ಸುಮಾರು 1 ಎಂಬಿ.

ಮನೆಗೆ ಬಂದ ಮೇಲಿನ ಕೆಲಸದಲ್ಲೇ ಹೆಚ್ಚಿನವರು ಎಡವುವುದು. ಬಂದ ಉತ್ಸಾಹದಲ್ಲಿ ಅದೇ ಹಾಡನ್ನು ವಾರವಿಡೀ ಹಾಕಿ, ರಿಂಗ್‌ಟೋನ್ ಮಾಡಿಕೊಂಡು, ಕೊನೆಗೆ ಅದು ಟ್ರಾಫಿಕ್ ಸಿಗ್ನಲ್ಲಿನ ನೆನಪನ್ನೇ ತರುವಂತೆ ಮಾಡಿಬಿಡುತ್ತಾರೆ. ಬದಲಿಗೆ ದಿನಕ್ಕೊಂದೇ ತುಣುಕನ್ನು, ಅದು ಹುಟ್ಟಿದ ಹೊತ್ತಿನಲ್ಲೇ ಕೇಳಿ: ನಸುಕಿನದನ್ನು ನಸುಕಿಗೆ, ಸಂಜೆಯದನ್ನು ಸಂಜೆಗೆ. ಮುಗಿದ ಕೂಡಲೇ ಫೋಟೊ ನೋಡದೆ ಎಂಟು ಹತ್ತು ಸಾಲು ಬರೆಯಿರಿ. ಯಾರಿದ್ದರು, ಏನು ತಿಂದಿರಿ, ಯಾವುದಕ್ಕೆ ಸಿಟ್ಟು ಬಂತು. ಫೋಟೊ ಮೊದಲು ನೋಡಿದರೆ ನೀವು ಬರೆಯುವುದು ಫೋಟೊದಲ್ಲಿರುವುದನ್ನೇ. ಆಮೇಲೆ ಆ ತುಣುಕನ್ನು ಕೆಲವು ತಿಂಗಳು ಮುಟ್ಟಬೇಡಿ.

ಅಗಲಿದವರ ಹೆಸರಿನಲ್ಲಿ ಹರಕೆ ಹೊತ್ತು ನಡೆದವರಿಗೆ ಒಂದು ಎಚ್ಚರಿಕೆ. ಅಂಥ ಹಾಡು ಗಂಟಲು ಕಟ್ಟಿಸಬಹುದು. ಮೊದಲ ಸಲ ಒಬ್ಬರೇ ಕೇಳಬೇಡಿ, ಜೊತೆಗೆ ನಡೆದವರೊಬ್ಬರನ್ನು ಕೂರಿಸಿಕೊಳ್ಳಿ. ತಡೆಯಲಾಗದಿದ್ದರೆ ಅರ್ಧಕ್ಕೇ ನಿಲ್ಲಿಸಿ. ಪೂರ್ತಿ ಕೇಳಲೇಬೇಕೆಂಬ ನಿಯಮವೇನಿಲ್ಲ.

ಇನ್ನು ಕಡತಗಳ ಹೆಸರು. ಫೋನ್ ತಾನೇ ಕೊಟ್ಟ ಸಂಖ್ಯೆಯನ್ನು ಹಾಗೆಯೇ ಬಿಡಬೇಡಿ. ವರ್ಷ, ತಿಂಗಳು, ದಿನ, ಊರು ಈ ಕ್ರಮದಲ್ಲಿ ಹೆಸರಿಟ್ಟರೆ ಅವು ತಾವಾಗಿಯೇ ದಾರಿಯ ಸಾಲಿನಲ್ಲಿ ನಿಲ್ಲುತ್ತವೆ. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ಇ-ಮೇಲಿನಲ್ಲಿ ಇರಲಿ. ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದೇನಲ್ಲ ಎಂದು ಸುಮ್ಮನಾಗಬೇಡಿ: ಫೋನ್ ಬದಲಾಯಿಸುವಾಗ ಬ್ಯಾಕಪ್ ಇಲ್ಲದಿದ್ದರೆ ಮೊದಲು ಹೋಗುವುದು ಅವೇ.

ನಮಸ್ಕಾರ.